ಕೂಲಿ: ಎರಡಕ್ಷರದ ಚರಿತ್ರೆ

ಹೊತ್ತು ಮುಳುಗಿದ ಮೇಲೆ ಧಣಿಯ ಅಂಗಳದ ಆಚೆ ನಿಂತು ನಮ್ಮವ್ವಂದಿರು ಕೇಳುತ್ತಿದ್ದದ್ದು ಒಂದೇ ಮಾತು: 'ಬುದ್ಧೀ, ಕೂಲಿ ಕೊಡಿ.' ಅವರ ಬಾಯಲ್ಲಿ ಕೂಲಿ ಅಂದರೆ ದುಡಿಮೆಯ ಬೆಲೆ, ಸೆರಗಿಗೆ ಬೀಳುವ ರಾಗಿ. ನಾವು ಕಾಲೇಜಿಗೆ ಹೋಗಿ ಇಂಗ್ಲಿಷ್ ನಿಘಂಟು ತೆರೆದಾಗ ಅದೇ ಮಾತು ಅಲ್ಲೂ ಇತ್ತು. ಆದರೆ ಅಲ್ಲಿ ಕೂಲಿ ಅಂದರೆ ಬೆಲೆಯಲ್ಲ, ಆಳು. ಬೆಲೆಯ ಹೆಸರು ಮನುಷ್ಯನ ಹೆಸರಾದದ್ದು ಹೆಂಗೆ?

ಕನ್ನಡ, ತಮಿಳು, ತೆಲುಗು, ಮಲಯಾಳ ನಾಲ್ಕರಲ್ಲೂ ಕೂಲಿಗೆ ದುಡಿಮೆಯ ಪ್ರತಿಫಲ ಎಂಬ ಅರ್ಥ ಉಂಟು. ಇಂಗ್ಲಿಷಿನ ಪದ ಇಲ್ಲಿಂದ ಹೋಯಿತು ಎನ್ನುವ ಪಂಡಿತರಿದ್ದಾರೆ. ಗುಜರಾತಿನ 'ಕೋಲಿ' ಜನರ ಹೆಸರಿನಿಂದ ಎನ್ನುವವರಿದ್ದಾರೆ. ತುರ್ಕಿ ಭಾಷೆಯಲ್ಲಿ ಗುಲಾಮನಿಗಿರುವ 'ಕುಲ್' ಎಂಬ ಮಾತನ್ನು ತೋರಿಸುವವರೂ ಇದ್ದಾರೆ. ಪಂಡಿತರ ಜಗಳ ಮುಗಿದಿಲ್ಲ. ಕೂಲಿ, ಜಾತಿ, ಗುಲಾಮಗಿರಿ ಮೂರೂ ಒಂದೇ ಪದದ ಬಾಗಿಲಲ್ಲಿ ನಿಂತಿರುವುದು ನಮಗೇನೂ ಸೋಜಿಗವಲ್ಲ.

1833ರಲ್ಲಿ ಬ್ರಿಟಿಷರು ತಮ್ಮ ಸಕ್ಕರೆ ವಸಾಹತುಗಳ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದರು. ಕಬ್ಬಿನ ತೋಟದ ಧಣಿಗಳಿಗೆ ಆಳು ಬೇಕಲ್ಲ! 1834ರಿಂದ ಮಾರಿಷಸ್ಸಿಗೆ, 1838ರಿಂದ ಗಯಾನಾಕ್ಕೆ, 1860ರಿಂದ ದಕ್ಷಿಣ ಆಫ್ರಿಕಾದ ನಟಾಲಿಗೆ ಭಾರತದಿಂದ ಹಡಗು ಹೊರಟವು. ಐದು ವರ್ಷದ ಕರಾರು. 1911ರೊಳಗೆ ನಟಾಲಿಗೇ ಸುಮಾರು ಒಂದೂವರೆ ಲಕ್ಷ ಜನ ಹೋದರು. ಹೆಚ್ಚಿನವರು ಮದ್ರಾಸಿನಲ್ಲಿ ಹಡಗು ಹತ್ತಿದವರು. ಅವರಲ್ಲಿ ನಮ್ಮಂಥ ಮುಟ್ಟಿಸಿಕೊಳ್ಳದ ಜಾತಿಯವರೂ ಇದ್ದರು. ಕಡಲು ದಾಟಿದ ಮೇಲೆ ಕೂಲಿ ಕೇಳುವವನೇ ಕೂಲಿಯಾದ. ಬರಬರುತ್ತಾ ಭಾರತದಿಂದ ಹೋದ ಎಲ್ಲರಿಗೂ ಅದೇ ಬೈಗುಳ. 1893ರಲ್ಲಿ ಅಲ್ಲಿಗೆ ಹೋದ ಗಾಂಧಿಯೂ 'ಕೂಲಿ ಬ್ಯಾರಿಸ್ಟರ್'. ಊರಲ್ಲಿ ಕೇರಿಯನ್ನು ದೂರ ಇಟ್ಟವರನ್ನೂ ಬಿಳಿಯ ಧಣಿ ಕೇರಿಯವರ ಜೊತೆಗೇ ಒಂದೇ ಹಗ್ಗದಲ್ಲಿ ಕಟ್ಟಿದ.

ಚೀನಾದ ಬಡವರನ್ನೂ ಇದೇ ಹೆಸರಿಟ್ಟು 1847ರಿಂದ 1874ರವರೆಗೆ ಕ್ಯೂಬಾ, ಪೆರುಗಳಿಗೆ ಸಾಗಿಸಿದರು. ಚೀನೀಯರು ಈ ಮಾತನ್ನು ತಮ್ಮ ಲಿಪಿಯಲ್ಲಿ ಎರಡು ಅಕ್ಷರ ಮಾಡಿ ಬರೆಯುತ್ತಾರೆ: 'ಕು' ಅಂದರೆ ಕಹಿ, 'ಲಿ' ಅಂದರೆ ಬಲ. ಕಹಿ ಬಲ! ಇಂಗ್ಲಿಷ್ ನಿಘಂಟು ಮುಚ್ಚಿಟ್ಟ ಅರ್ಥವನ್ನು ಆ ಲಿಪಿ ಬಾಯಿಬಿಟ್ಟು ಹೇಳುತ್ತದೆ.

1992ರಲ್ಲಿ ಮಾರಿಷಸ್ಸಿನ ಕವಿ ಖಾಲ್ ತೊರಾಬುಲ್ಲಿ ಈ ಬೈಗುಳದಿಂದಲೇ 'ಕೂಲಿಟ್ಯೂಡ್' ಎಂಬ ಹೊಸ ಮಾತು ಕಟ್ಟಿ ತಲೆ ಎತ್ತಿ ನಿಂತರು, ನಾವು 'ದಲಿತ' ಎಂದು ನಮ್ಮನ್ನು ಕರೆದುಕೊಂಡ ಹಾಗೆ.

ಇತ್ತ ನಮ್ಮಲ್ಲಿ 2016ರ ರೈಲ್ವೆ ಬಜೆಟ್ಟು ನಿಲ್ದಾಣದ ಕೂಲಿಗಳನ್ನು 'ಸಹಾಯಕ' ಎಂದು ಕರೆಯೋಣ ಅಂತು. ಒಳ್ಳೇದು. ಆದರೆ ಹೆಸರಿನ ಜೊತೆ ರೈಲ್ವೆಯ ಸಂಬಳ ಬರಲಿಲ್ಲ. ಹೊತ್ತ ಪೆಟ್ಟಿಗೆಗೆ ಪ್ರಯಾಣಿಕ ಕೊಟ್ಟದ್ದೇ ಅವರ ಅನ್ನ. ಗೆಳೆಯರೇ, ಹೆಸರು ತೊಳೆಯುವವರಿಗೆ ನಾವು ಅವ್ವನ ಮಾತನ್ನೇ ಹೇಳಬೇಕು, 'ಬುದ್ಧೀ' ಅನ್ನೋದನ್ನು ಬಿಟ್ಟು: ಕೂಲಿ ಕೊಡಿ, ಪೂರ್ತಿ ಕೊಡಿ.