ಸರ್ಕಾರಿ ಕಟ್ಟಡಗಳ ಶೈಲಿ ನಿಯಮ

ಹುಬ್ಬಳ್ಳಿ-ಧಾರವಾಡದ ನಡುವಿನ ಅಮರಗೋಳದ ಶಂಕರಲಿಂಗ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಇಂಥ ಗುಡಿಯ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟುವುದು ಸರ್ಕಾರಿ ಕಚೇರಿಯಾದರೂ ವಿನಾಯಿತಿಯಿಲ್ಲ. ಪಾರಂಪರಿಕ ಉಪವಿಧಿಗಳು ಅದರ ಮುಂಭಾಗದ ಸ್ವರೂಪವನ್ನೂ ನಿಯಂತ್ರಿಸಬಹುದು. ಆದರೂ ಈ ಕಾನೂನು ಕಾಯುವುದು ಸ್ಮಾರಕದ ನೆರೆಹೊರೆಯನ್ನು. ನಾಡಿನ ಕಚೇರಿಗಳೆಲ್ಲ ಹೇಗೆ ಕಾಣಬೇಕೆಂದು ಅದು ಹೇಳುವುದಿಲ್ಲ. 1956ರಲ್ಲಿ ಮುಗಿದ ವಿಧಾನಸೌಧದ ದ್ರಾವಿಡ ರೂಪ, ಮುಖಮಂಟಪದ 40 ಅಡಿಯ ಗ್ರಾನೈಟ್ ಕಂಬಗಳ ಸಮೇತ, ಅದನ್ನು ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹಟದ ಫಲ, ಕಾಯ್ದೆಯದಲ್ಲ. ಇಂಥ ಶೈಲಿಯನ್ನು ಎಲ್ಲ ಸರ್ಕಾರಿ ಕಟ್ಟಡಗಳಿಗೂ ಕಡ್ಡಾಯ ಮಾಡಿದರೆ ನಾಡಿನ ಗುರುತು ಉಳಿದೀತು ಎನ್ನುವವರಿದ್ದಾರೆ. ಆದರೆ ಪಕ್ಕದ ವಿಕಾಸಸೌಧ ಅದೇ ಹೊರಮೈಯನ್ನು ಅನುಕರಿಸಿಯೂ ಆ ಗಾಂಭೀರ್ಯ ಪಡೆಯಲಿಲ್ಲ. ಅಪ್ಪಣೆಯಿಂದ ಕಂಬ ನಿಲ್ಲಿಸಬಹುದು, ಕಸುಬುದಾರಿಕೆ ತರಲಾಗದು.