ಮರಳಿನಡಿಯಿಂದ ಎದ್ದ ಬ್ಯಾಬ್ಸ್

ಮೋಟಾರು ಕಾರನ್ನು ಮನುಷ್ಯನಂತೆ ನೆಲದಲ್ಲಿ ಹೂಳಿದ ಪ್ರಸಂಗಗಳು ಚರಿತ್ರೆಯಲ್ಲಿ ವಿರಳ. ಅಂಥದೊಂದು 1927ರ ಮಾರ್ಚ್ ತಿಂಗಳಿನಲ್ಲಿ ವೇಲ್ಸ್ ನಾಡಿನ ದಕ್ಷಿಣ ಕರಾವಳಿಯ ಪೆಂಡೈನ್ ಎಂಬಲ್ಲಿ ನಡೆಯಿತು. ಹೂತ ಕಾರಿನ ಹೆಸರು ಬ್ಯಾಬ್ಸ್. ನಲವತ್ತೆರಡು ವರ್ಷಗಳ ತರುವಾಯ ಅದನ್ನು ಅಗೆದು ತೆಗೆದು ಮತ್ತೆ ಓಡಿಸಿದವನೊಬ್ಬನಿದ್ದ. ಆ ಕಥೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಈ ಕಾರು ಮೊದಲು ಕೌಂಟ್ ಲೂಯಿ ಝ್ಬೊರೋಸ್ಕಿ ಎಂಬ ಸಿರಿವಂತ ತರುಣನದು. ಆಗ ಅದಕ್ಕೆ ಹೈಯಮ್ ಸ್ಪೆಷಲ್ ಎಂದು ಹೆಸರು. ಇಯಾನ್ ಫ್ಲೆಮಿಂಗ್ ಮಕ್ಕಳಿಗಾಗಿ ಬರೆದ ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್ ಕಥೆಗೆ ಸ್ಫೂರ್ತಿಯಾದದ್ದು ಇದೇ ಕೌಂಟನ ಬೇರೆ ಕಾರುಗಳು. 1924ರಲ್ಲಿ ಇಟಲಿಯ ಮೊಂಝಾ ಪಂದ್ಯದಲ್ಲಿ ಅವನು ಮಡಿದ ಮೇಲೆ 125 ಪೌಂಡು ಕೊಟ್ಟು ಕಾರನ್ನು ಕೊಂಡವನು ಜೆ. ಜಿ. ಪ್ಯಾರಿ ಥಾಮಸ್. ಇವನು ಲೇಲ್ಯಾಂಡ್ ಕಂಪೆನಿಯ ಮುಖ್ಯ ಇಂಜಿನಿಯರನಾಗಿದ್ದವನು. ನಮ್ಮ ರಸ್ತೆಗಳಲ್ಲಿ ಓಡುವ ಅಶೋಕ್ ಲೇಲ್ಯಾಂಡ್ ಲಾರಿಗಳ ಹೆಸರಿನ ಉತ್ತರಾರ್ಧ ಆ ಕಂಪೆನಿಯಿಂದಲೇ ಬಂದದ್ದು. ಬ್ಯಾಬ್ಸ್‌ನ ಒಡಲಲ್ಲಿದ್ದುದು ಕಾರಿನ ಎಂಜಿನ್ನಲ್ಲ. 1917ರಲ್ಲಿ ಅಮೆರಿಕದವರು ಯುದ್ಧವಿಮಾನಗಳಿಗಾಗಿ ರೂಪಿಸಿದ ಲಿಬರ್ಟಿ ಎಂಜಿನ್. ಹನ್ನೆರಡು ಸಿಲಿಂಡರು, 27 ಲೀಟರು. ಅದರ ಬಲವನ್ನು ಹಿಂದಿನ ಗಾಲಿಗಳಿಗೆ ಮುಟ್ಟಿಸುತ್ತಿದ್ದುದು ಸೈಕಲ್ಲಿನಲ್ಲಿರುವಂತೆ ಸರಪಣಿ.

1926ರ ಏಪ್ರಿಲಿನಲ್ಲಿ ಪೆಂಡೈನಿನ ಏಳು ಮೈಲಿ ಮರಳ ಹರವಿನ ಮೇಲೆ ಥಾಮಸ್ ಗಂಟೆಗೆ 171.02 ಮೈಲಿ ವೇಗ ಮುಟ್ಟಿ ಲೋಕದ ದಾಖಲೆಯನ್ನು ತನ್ನದಾಗಿಸಿಕೊಂಡ. ಮರುವರ್ಷ ಫೆಬ್ರವರಿಯಲ್ಲಿ, ಅದೇ ಮರಳಿನ ಮೇಲೆ, ಮಾಲ್ಕಂ ಕ್ಯಾಂಬೆಲ್ ಅದನ್ನು ಮೀರಿದ. ಕಳೆದುಕೊಂಡುದನ್ನು ಮರಳಿ ಪಡೆಯಲು ಹೊರಟ ಥಾಮಸ್ ಮಾರ್ಚ್ 3ರಂದು ಓಡುತ್ತಿದ್ದ ಕಾರಿನಲ್ಲಿಯೇ ಸತ್ತ. ಅವನಿಗೆ ನಲವತ್ತೊಂದು ವರ್ಷ. ದೇಹವನ್ನು ಇಂಗ್ಲೆಂಡಿನ ಬೈಫ್ಲೀಟ್ ಚರ್ಚಿನ ಅಂಗಳದಲ್ಲಿ ಮಣ್ಣುಮಾಡಿದರು. ಕಾರನ್ನು ಸಮುದ್ರದ ಅಂಚಿನ ಮರಳುದಿಣ್ಣೆಯಲ್ಲಿ ಗುಂಡಿ ತೋಡಿ ಮುಚ್ಚಿದರು.

1969ರಲ್ಲಿ ಅದನ್ನು ಹೊರತೆಗೆದವನು ಉತ್ತರ ವೇಲ್ಸಿನ ಕಾಪೆಲ್ ಕ್ಯೂರಿಗ್ ಎಂಬ ಹಳ್ಳಿಯ ಓವೆನ್ ವಿನ್ ಓವೆನ್, ಇಂಜಿನಿಯರಿಂಗ್ ಉಪನ್ಯಾಸಕ. ಸಮಾಧಿಯನ್ನು ಕೆದಕುವುದು ಸರಿಯೇ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲಾದರೂ ಏಳುವಂಥದು. ಸತ್ತವನಿಗೆ ಸಲ್ಲಬೇಕಾದ ಗೌರವ ಬೈಫ್ಲೀಟಿನಲ್ಲಿ ಸಂದಿತ್ತು, ಪೆಂಡೈನಿನಲ್ಲಿದ್ದುದು ಅವನ ಕೈಕೆಲಸ ಮಾತ್ರ ಎಂದು ನನಗೆ ತೋರುತ್ತದೆ. ಕೆಲಸಗಾರನ ಕೆಲಸವನ್ನು ತುಕ್ಕಿಗೆ ಒಪ್ಪಿಸಿಬಿಡುವುದರಲ್ಲಿ ಏನು ಗೌರವವುಂಟು?

ಮನೆಯ ಕೊಟ್ಟಿಗೆಯಲ್ಲಿ ಹತ್ತು ವರ್ಷ ನಿಂತ ಕಾರನ್ನು ಎಬ್ಬಿಸುವುದೂ ಸುಲಭವಲ್ಲ. ಟ್ಯಾಂಕಿನ ಪೆಟ್ರೋಲು ಆರಿ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ರಬ್ಬರು ಬಿರಿದಿರುತ್ತದೆ. ಪಿಸ್ಟನ್ನಿನ ಉಂಗುರಗಳು ತುಕ್ಕುಹಿಡಿದು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿರುತ್ತವೆ. ಅವಸರದವನು ಬ್ಯಾಟರಿ ಜೋಡಿಸಿ ಎಂಜಿನ್ನನ್ನು ತಿರುಗಿಸಲು ಹೋದರೆ ಉಂಗುರ ಮುರಿದು ಗೋಡೆ ಗೀರುತ್ತದೆ. ಬಲ್ಲವನು ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಕೈಯಿಂದಲೇ ಕೂದಲೆಳೆಯಷ್ಟು ಅತ್ತಿತ್ತ ಆಡಿಸಿ ನೋಡುತ್ತಾನೆ. ಎಂಜಿನ್ನು ಅಲುಗಿದ ಮೇಲೆಯೇ ಉಳಿದ ಮಾತು.

ಬ್ಯಾಬ್ಸ್ ಮಲಗಿದ್ದು ಕೊಟ್ಟಿಗೆಯಲ್ಲಲ್ಲ, ಉಪ್ಪುಮರಳಿನಲ್ಲಿ. ಉಕ್ಕೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ತಾಕಿಕೊಂಡಿರುವಲ್ಲಿ ಉಪ್ಪುನೀರು ಸೇರಿದರೆ ವಿದ್ಯುತ್ಕೋಶದಂತಾಗಿ, ಅಲ್ಯೂಮಿನಿಯಮ್ ತಾನೇ ಸವೆಯತೊಡಗುತ್ತದೆ. ಲಿಬರ್ಟಿಯ ಸಿಲಿಂಡರುಗಳು ಉಕ್ಕಿನವು, ಅವನ್ನು ಹೊತ್ತ ಪೆಟ್ಟಿಗೆ ಅಲ್ಯೂಮಿನಿಯಮ್ಮಿನದು. ಓವೆನ್ನನಿಗೆ ಅದೃಷ್ಟವೂ ಒಂದಿಷ್ಟು ಜೊತೆಗಿತ್ತೆನ್ನಬೇಕು: ಈ ಎಂಜಿನ್ನನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿದ್ದರು, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಟ್ಯಾಂಕುಗಳಿಗೂ ಅಳವಡಿಸಿದ್ದರು. ಆದರೂ ಕೆಲಸ ವರ್ಷಗಟ್ಟಲೆ ಹಿಡಿಯಿತು. ಒಂದೊಂದು ಭಾಗವನ್ನೂ ಬಿಚ್ಚಿ, ಉಳಿಸಬಹುದಾದುದನ್ನು ಉಳಿಸಿ, ಉಳಿಯದುದನ್ನು ಹೊಸದಾಗಿ ಮಾಡಿ, ಕೊನೆಗೆ ಆ ಹನ್ನೆರಡು ಸಿಲಿಂಡರುಗಳ ಗುಡುಗನ್ನು ಜನ ಮತ್ತೆ ಕೇಳುವಂತೆ ಮಾಡಿದ.

ಹೊಸ ಭಾಗಗಳಿಷ್ಟು ಸೇರಿದ ಮೇಲೆ ಇದು ಹಳೆಯ ಬ್ಯಾಬ್ಸ್ ಹೌದೇ ಎಂದು ಕೇಳುವವರುಂಟು. ಗಾಜಿನ ಪೆಟ್ಟಿಗೆಯಲ್ಲಿಟ್ಟ ತುಕ್ಕಿನ ಮುದ್ದೆ ಹೆಚ್ಚು ಅಪ್ಪಟವಾಗಿರುತ್ತಿತ್ತೇನೋ. ಓಡುವುದಕ್ಕೆಂದೇ ಹುಟ್ಟಿದ ವಸ್ತುವಿಗೆ ಓಟವೇ ಅಪ್ಪಟತನ ಎಂಬ ಪಕ್ಷ ನನ್ನದು.

ಅಗೆದುದರಿಂದ ಇನ್ನೊಂದು ಲಾಭವೂ ಆಯಿತು. ಸರಪಣಿ ತುಂಡಾಗಿ ಥಾಮಸನ ತಲೆಗೆ ಬಡಿಯಿತು ಎಂಬ ಕಥೆ ದಶಕಗಳ ಕಾಲ ಪ್ರಚಾರದಲ್ಲಿತ್ತು. ತಾನು ಮಾಡಿದ ಯಂತ್ರವೇ ತನ್ನನ್ನು ಕೊಂದಿತು ಎಂಬ ಈ ಕಥೆಯನ್ನು ಪತ್ರಿಕೆಗಳೂ ಪುಸ್ತಕಗಳೂ ಮರುನುಡಿದವು. ಗುಂಡಿಯಿಂದ ಬಂದ ಅವಶೇಷಗಳನ್ನು ಪರೀಕ್ಷಿಸಿದ ಮೇಲೆ ಬೇರೆ ವಿವರಣೆ ಬಲಗೊಂಡಿತು: ಮೊದಲು ಕುಸಿದದ್ದು ಹಿಂದಿನ ಗಾಲಿ, ಕಾರು ಪಲ್ಟಿಯಾದದ್ದು ಅದರಿಂದ, ಸರಪಣಿ ಕಳಚಿದ್ದು ಆಮೇಲಿನ ಮಾತು.