ತಿಲಿಸ್ಮಿನ ಬಾಗಿಲು ತೆರೆಯಲು ಅಕ್ಷರ ಕಲಿತವರು

ಮಾಂತ್ರಿಕ ಲೋಕದ ಕತೆ, ಪತ್ತೇದಾರಿ, ವೈಜ್ಞಾನಿಕ ಕಾದಂಬರಿ ಇವುಗಳಲ್ಲಿ ಈಚೆಗೆ ಓದಿದ ಒಳ್ಳೆಯದೊಂದನ್ನು ಹೇಳಿ ಎಂದು ಸಾಹಿತ್ಯದ ವಿದ್ಯಾರ್ಥಿಗಳು ಕೇಳುವುದುಂಟು. ಹಾಗೆ ಕೇಳುವಾಗ ಅವರ ದನಿ ಸ್ವಲ್ಪ ತಗ್ಗಿರುತ್ತದೆ. ಪಠ್ಯದಲ್ಲಿರುವುದು ಸಾಹಿತ್ಯ, ರೈಲಿನಲ್ಲಿ ಓದುವುದು ಬೇರೆ ಏನೋ ಎಂಬ ಸಂಕೋಚ ಅದು. ಈಚಿನ ದಿನಗಳಲ್ಲಿ ನಾನು ಓದಿದವುಗಳು ಹೊಸ ಪುಸ್ತಕಗಳಲ್ಲ. 1888ರಿಂದ 1905ರೊಳಗೆ ಬನಾರಸ್, ಕಲ್ಕತ್ತಾ ಮತ್ತು ಭಾಗಲ್‌ಪುರದಲ್ಲಿದ್ದವರು ಬರೆದವು. ಆ ಹದಿನೇಳು ವರ್ಷಗಳಲ್ಲಿ ಈ ಮೂರೂ ಪ್ರಕಾರಗಳು ನಮ್ಮ ದೇಶದಲ್ಲಿ ಗಟ್ಟಿಯಾಗಿ ಬೇರು ಬಿಟ್ಟವು. ಅವುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಮೇಲಿನ ಸಂಕೋಚ ಎಲ್ಲಿಂದ ಬಂತು ಎಂಬುದೂ ಗೊತ್ತಾಗುತ್ತದೆ.

ಮೊದಲನೆಯದು ದೇವಕೀನಂದನ ಖತ್ರಿಯವರ ಹಿಂದಿ ಕಾದಂಬರಿ ‘ಚಂದ್ರಕಾಂತಾ’. 1861ರಲ್ಲಿ ಹುಟ್ಟಿದ ಖತ್ರಿ ಬನಾರಸ್ಸಿನಲ್ಲಿ ನೆಲೆಸಿ, ಚಕಿಯಾ ಮತ್ತು ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದರು. ಕಾಡಿನೊಳಗಿನ ಪಾಳುಬಿದ್ದ ಕೋಟೆ, ಸುರಂಗ, ಗುಹೆಗಳನ್ನು ಅವರು ಸುತ್ತಿ ನೋಡಿದ್ದರು. ಅವೇ ಕತೆಯ ನೆಲವಾದವು. 1888ರಿಂದ ಭಾಗಭಾಗವಾಗಿ ಬಂದ ಈ ಕಾದಂಬರಿಯಲ್ಲಿ ನೌಗಢದ ರಾಜಕುಮಾರ ವೀರೇಂದ್ರಸಿಂಹನಿಗೆ ವಿಜಯಗಢದ ರಾಜಕುಮಾರಿ ಚಂದ್ರಕಾಂತೆಯ ಮೇಲೆ ಪ್ರೀತಿ. ಅಡ್ಡ ಬರುವವನು ದಿವಾನನ ಮಗ ಕ್ರೂರಸಿಂಹ. ಆದರೆ ಓದುಗರು ಮುಗಿಬಿದ್ದದ್ದು ಈ ಪ್ರೇಮಕ್ಕಾಗಿ ಅಲ್ಲ, ಐಯಾರರಿಗಾಗಿ. ಐಯಾರ ಎಂದರೆ ಅರ್ಧ ಗೂಢಚಾರ, ಅರ್ಧ ಬಹುರೂಪಿ. ವೇಷ ಬದಲಿಸುವುದು, ಮೂರ್ಛೆ ಬರಿಸುವ ಪುಡಿ ಎರಚುವುದು, ಲಖಲಖಾ ಎಂಬ ಮದ್ದನ್ನು ಮೂಸಿಸಿ ಎಚ್ಚರಿಸುವುದು, ಶತ್ರುವನ್ನು ಮೂಟೆ ಕಟ್ಟಿ ಹೊತ್ತೊಯ್ಯುವುದು ಅವನ ಕಸುಬು. ಚಂದ್ರಕಾಂತೆಯ ಗೆಳತಿ ಚಪಲಾ ಕೂಡ ಈ ವಿದ್ಯೆಯಲ್ಲಿ ಗಂಡಸರಿಗೆ ಕಡಿಮೆಯಿಲ್ಲದವಳು.

ಇನ್ನೊಂದು ಆಕರ್ಷಣೆ ತಿಲಿಸ್ಮ್. ನಿಧಿಯನ್ನು ಕಾಯಲೆಂದು ಹಿಂದಿನವರು ಕಟ್ಟಿಸಿದ, ಒಳಹೊಕ್ಕವರನ್ನು ಸಿಕ್ಕಿಸಿಹಾಕುವ ವಿಚಿತ್ರ ಕಟ್ಟಡ ಅದು. ಖತ್ರಿಯವರ ತಿಲಿಸ್ಮಿನಲ್ಲಿ ಭೂತಪ್ರೇತಗಳ ಕೆಲಸ ಕಡಿಮೆ. ತಾನಾಗಿ ತೆರೆಯುವ ಬಾಗಿಲು, ಅಲುಗಾಡುವ ಗೊಂಬೆ, ನುಂಗುವ ಕಲ್ಲು ಇವುಗಳ ಹಿಂದೆ ಬಹುಪಾಲು ಯಂತ್ರ, ಮದ್ದು, ಮಸಾಲೆಗಳ ವಿವರಣೆಯಿರುತ್ತದೆ. ಅದನ್ನು ಒಡೆಯಲು ತೋಳ್ಬಲವೊಂದೇ ಸಾಲದು. ಅದರ ಗುಟ್ಟು ಬರೆದಿರುವ ಪುಸ್ತಕ ಸಿಗಬೇಕು, ಅದನ್ನು ಓದಲು ಬರಬೇಕು.

ಕತೆಯೊಳಗಿನ ಈ ನಿಯಮ ಕತೆಯ ಹೊರಗೂ ನಿಜವಾಯಿತು. ಆಗ ಉತ್ತರ ಭಾರತದಲ್ಲಿ ಓದುಬರಹ ಬಲ್ಲವರಲ್ಲಿ ಹಲವರ ವ್ಯವಹಾರವೆಲ್ಲ ಉರ್ದು ಲಿಪಿಯಲ್ಲಿ. ಅಂಥವರಲ್ಲಿ ಎಷ್ಟೋ ಜನ ‘ಚಂದ್ರಕಾಂತಾ’ ಓದಲೆಂದೇ ನಾಗರಿ ಅಕ್ಷರ ಕಲಿತರು. ಬೇಡಿಕೆ ಹೇಗಿತ್ತೆಂದರೆ ಖತ್ರಿ ಇದರ ಮುಂದುವರಿಕೆಯಾಗಿ ‘ಚಂದ್ರಕಾಂತಾ ಸಂತತಿ’ಯನ್ನು 24 ಭಾಗಗಳಲ್ಲಿ ಬರೆದರು. 1898ರಲ್ಲಿ ಬನಾರಸ್ಸಿನಲ್ಲಿ ಲಹರೀ ಪ್ರೆಸ್ ಎಂಬ ಸ್ವಂತ ಮುದ್ರಣಾಲಯವನ್ನೇ ತೆರೆದರು.

ಅಕ್ಷರ ಕಲಿತವರ ಈ ಸಂಗತಿಯನ್ನು ದಾಖಲಿಸಿದವರು ಹಿಂದಿ ಸಾಹಿತ್ಯ ಚರಿತ್ರೆಯ ದೊಡ್ಡ ವಿದ್ವಾಂಸ ಆಚಾರ್ಯ ರಾಮಚಂದ್ರ ಶುಕ್ಲ. 1929ರಲ್ಲಿ ಬಂದ ತಮ್ಮ ಗ್ರಂಥದಲ್ಲಿ ಖತ್ರಿಯವರಷ್ಟು ಓದುಗರನ್ನು ಹುಟ್ಟಿಸಿದವರು ಇನ್ನೊಬ್ಬರಿಲ್ಲ ಎಂಬರ್ಥದ ಮಾತನ್ನು ಅವರು ಮನಸಾರೆ ಹೇಳುತ್ತಾರೆ. ಆದರೆ ಅದೇ ಪುಟದಲ್ಲಿ, ಇವು ಘಟನೆಗಳ ವೈಚಿತ್ರ್ಯವನ್ನು ನೆಚ್ಚಿದ ಪುಸ್ತಕಗಳು, ರಸವಾಗಲಿ ಪಾತ್ರಗಳ ಒಳಬದುಕಾಗಲಿ ಇವುಗಳಲ್ಲಿಲ್ಲ, ಆದ್ದರಿಂದ ಸಾಹಿತ್ಯದ ಲೆಕ್ಕಕ್ಕೆ ಬರುವುದಿಲ್ಲ ಎಂದು ಬಾಗಿಲು ಹಾಕುತ್ತಾರೆ. ಓದುಗರ ಮಟ್ಟಿಗೆ ಕೃತಜ್ಞತೆ, ಕೃತಿಯ ಮಟ್ಟಿಗೆ ನಿರಾಕರಣೆ. ನಮ್ಮ ತರಗತಿಗಳ ಸಂಕೋಚಕ್ಕೆ ಮೂಲ ಇಂಥ ತೀರ್ಪಿನಲ್ಲಿದೆ.

ಶುಕ್ಲರ ಮಾತಿನಲ್ಲಿ ನಿಜವಿಲ್ಲದಿಲ್ಲ. ವೀರೇಂದ್ರಸಿಂಹ ಮೊದಲ ಪುಟದಲ್ಲಿ ಹೇಗಿದ್ದನೋ ಕೊನೆಯ ಪುಟದಲ್ಲೂ ಹಾಗೆಯೇ ಇರುತ್ತಾನೆ. ಆದರೆ ಪಾತ್ರದ ಬೆಳವಣಿಗೆಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಈ ಕತೆಗಳು ಕೇಳುತ್ತಿದ್ದ ಪ್ರಶ್ನೆ ಕೈತಪ್ಪುತ್ತದೆ. ಬೀಗ ಹಾಕಿದ ಜ್ಞಾನದ ಕೀಲಿ ಯಾರ ಕೈಯಲ್ಲಿದೆ, ಅದನ್ನು ಪಡೆಯುವುದು ಹೇಗೆ ಎಂಬುದೇ ಆ ಪ್ರಶ್ನೆ. ಪರರ ಆಳ್ವಿಕೆಯಲ್ಲಿದ್ದ ದೇಶದಲ್ಲಿ ಇದು ಬರೀ ಮನರಂಜನೆಯ ವಿಷಯವಾಗಿರಲಿಲ್ಲ.

ಅದೇ ಪ್ರಶ್ನೆ ಕಲ್ಕತ್ತೆಯಲ್ಲಿ ಪತ್ತೇದಾರಿಯ ರೂಪ ತಾಳಿತು. ಪ್ರಿಯನಾಥ ಮುಖೋಪಾಧ್ಯಾಯರು ಅಲ್ಲಿನ ಪೊಲೀಸ್ ಪತ್ತೇದಾರಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರು. 1892ರಿಂದ ಅವರು ‘ದಾರೋಗಾರ್ ದಪ್ತರ್’, ಅಂದರೆ ದರೋಗನ ಕಡತ ಎಂಬ ಹೆಸರಿನಲ್ಲಿ ತಿಂಗಳಿಗೊಂದರಂತೆ ಬಂಗಾಳಿ ಕತೆಗಳನ್ನು ಪ್ರಕಟಿಸತೊಡಗಿದರು. ಒಟ್ಟು ಇನ್ನೂರಕ್ಕೂ ಹೆಚ್ಚು ಕತೆಗಳು ಬಂದವು. ಲಂಡನ್ನಿನ ಪತ್ರಿಕೆಯಲ್ಲಿ ಷರ್ಲಾಕ್ ಹೋಮ್ಸ್‌ನ ಸಣ್ಣಕತೆಗಳು ಶುರುವಾದದ್ದು 1891ರಲ್ಲಿ. ಹೋಮ್ಸ್ ಕಲ್ಪನೆಯ ಮನುಷ್ಯ, ಈ ದರೋಗ ಸಂಬಳ ಎಣಿಸುತ್ತಿದ್ದ ನೌಕರ. ತನ್ನದೇ ಕಚೇರಿಯ ಕಡತದಲ್ಲಿ ಮಲಗಿದ್ದ ಊರಿನ ಕತೆಯನ್ನು ಆತ ಊರಿನವರ ಮಾತಿನಲ್ಲೇ ಅವರ ಕೈಗೆ ಕೊಟ್ಟ.

ಮೂರನೆಯ ಲೇಖಕನ ಹೆಸರು ಎಲ್ಲರಿಗೂ ಗೊತ್ತು, ಆದರೆ ಕತೆಗಾರನಾಗಿ ಅಲ್ಲ. ಜಗದೀಶಚಂದ್ರ ಬೋಸರು 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜು ಸೇರಿದಾಗ, ಯುರೋಪಿಯನ್ ಅಧ್ಯಾಪಕರಿಗಿಂತ ಕಡಿಮೆ ಸಂಬಳವೆಂದು ಪ್ರತಿಭಟಿಸಿ ಮೂರು ವರ್ಷ ಸಂಬಳವನ್ನೇ ಮುಟ್ಟಲಿಲ್ಲ. ಅದೇ ಬೋಸರು 1896ರಲ್ಲಿ ‘ನಿರುದ್ದೇಶೇರ್ ಕಾಹಿನಿ’ ಎಂಬ ಕತೆ ಬರೆದರು. ಕುಂತಲೀನ್ ತಲೆಗೂದಲ ಎಣ್ಣೆಯ ತಯಾರಕರು ಕಥಾಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ಕತೆಯಲ್ಲಿ ಎಲ್ಲಾದರೂ ಎಣ್ಣೆಯ ಪ್ರಸ್ತಾಪ ಬರಬೇಕೆಂಬುದು ಷರತ್ತು. ಬೋಸರ ಕತೆಯಲ್ಲಿ ಕಲ್ಕತ್ತೆಗೆ ಭಾರಿ ಚಂಡಮಾರುತ ಅಪ್ಪಳಿಸಲಿದೆ ಎಂಬ ಎಚ್ಚರಿಕೆ ಬರುತ್ತದೆ, ಆದರೆ ಚಂಡಮಾರುತ ಬರುವುದೇ ಇಲ್ಲ. ವಿದ್ವಾಂಸರು ಕಾರಣ ಹುಡುಕಿ ಸೋಲುತ್ತಾರೆ. ನಿಜ ಸಂಗತಿಯೆಂದರೆ, ಜ್ವರದಿಂದ ಕೂದಲು ಉದುರಿ ಸಿಂಹಳಕ್ಕೆ ಹಡಗು ಹತ್ತಿದ್ದ ಒಬ್ಬ ಮನುಷ್ಯ ತನ್ನ ಬಳಿಯಿದ್ದ ಎಣ್ಣೆಯ ಸೀಸೆಯನ್ನು ಸಮುದ್ರಕ್ಕೆ ಸುರಿದಿದ್ದ. ನೀರಿನ ಮೇಲೆ ಹರಡಿದ ಎಣ್ಣೆ ಅಲೆಗಳನ್ನು ತಗ್ಗಿಸುತ್ತದೆ ಎಂಬ ಭೌತಶಾಸ್ತ್ರದ ತಿಳಿವನ್ನು ಹಿಗ್ಗಿಸಿ ನಗಿಸಿದ ಕತೆಯಿದು. ಇದಕ್ಕೆ ಮೊದಲ ಬಹುಮಾನ ಬಂತು. 1921ರಲ್ಲಿ ತಿದ್ದಿ ಬೆಳೆಸಿದ ರೂಪ ‘ಪಲಾತಕ್ ತುಫಾನ್’ ಎಂಬ ಹೆಸರಿನಲ್ಲಿ ಅವರ ‘ಅವ್ಯಕ್ತ’ ಸಂಕಲನ ಸೇರಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಯದು, 1905ರ ‘ಸುಲ್ತಾನಾಸ್ ಡ್ರೀಮ್’. ಬರೆದವರು ರುಕಿಯಾ ಸಖಾವತ್ ಹುಸೇನ್. ರಂಗ್‌ಪುರದ ಪೈರಾಬಂದ್‌ನಲ್ಲಿ ಕಟ್ಟುನಿಟ್ಟಿನ ಪರದೆಯಲ್ಲಿ ಬೆಳೆದ ಈ ಹೆಣ್ಣುಮಗಳಿಗೆ ಬಂಗಾಳಿ, ಇಂಗ್ಲಿಷ್ ಕಲಿಯಲು ಒತ್ತಾಸೆಯಾದವರು ಅಣ್ಣ ಮತ್ತು ಅಕ್ಕ. ಮದುವೆಯಾಗಿ ಭಾಗಲ್‌ಪುರಕ್ಕೆ ಬಂದ ಮೇಲೆ ಇಂಗ್ಲಿಷಿನಲ್ಲೇ ಬರೆದ ಈ ಕತೆ ಮದರಾಸಿನಿಂದ ಕಮಲಾ ಸತ್ಯನಾಥನ್ ಹೊರತರುತ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಪ್ರಕಟವಾಯಿತು. ಕತೆಯ ಹೆಣ್ಣುನಾಡಿನಲ್ಲಿ ಗಂಡಸರು ಒಳಮನೆಯಲ್ಲಿರುತ್ತಾರೆ, ಹೆಂಗಸರು ರಾಜ್ಯವಾಳುತ್ತಾರೆ. ಒಂದು ವಿಶ್ವವಿದ್ಯಾಲಯದ ಹೆಂಗಸರು ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುವ ಬಲೂನು ಮಾಡಿದ್ದರೆ, ಇನ್ನೊಂದರವರು ಬಿಸಿಲನ್ನು ಕೂಡಿಡುವ ಉಪಾಯ ಕಂಡಿದ್ದಾರೆ. ಅಡುಗೆ ಬಿಸಿಲಿನಲ್ಲೇ ಆಗುತ್ತದೆ. ಶತ್ರು ಸೈನ್ಯ ಬಂದಾಗ ಗಂಡಸರ ಕತ್ತಿಗಳು ಸೋತ ಕಡೆ, ಕೂಡಿಟ್ಟ ಬಿಸಿಲನ್ನೇ ತಿರುಗಿಸಿ ಹೆಂಗಸರು ಗೆಲ್ಲುತ್ತಾರೆ. ಹತ್ತಿಪ್ಪತ್ತು ಪುಟಗಳಲ್ಲಿ ಜನಾನಾ ಎಂಬ ತಿಲಿಸ್ಮ್ ಒಡೆಯುತ್ತದೆ. ಇಲ್ಲೂ ಕೀಲಿ ವಿದ್ಯೆಯೇ.

ರುಕಿಯಾ ಕತೆಯಲ್ಲಿ ಕಂಡದ್ದನ್ನು ಕತೆಗೇ ಬಿಡಲಿಲ್ಲ. ಗಂಡ ತೀರಿಕೊಂಡ ಮೇಲೆ 1909ರಲ್ಲಿ ಭಾಗಲ್‌ಪುರದಲ್ಲಿ ಐವರು ಹುಡುಗಿಯರೊಂದಿಗೆ ಶಾಲೆ ತೆರೆದರು. ಅಲ್ಲಿ ನಿಲ್ಲಲಾಗದೆ 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಹುಡುಗಿಯರೊಂದಿಗೆ ಮತ್ತೆ ಶುರುಮಾಡಿದರು. ಆ ಶಾಲೆ ಇಂದಿಗೂ ಇದೆ.

ನಮ್ಮಲ್ಲೂ ಶುಕ್ಲರ ತೀರ್ಪಿನಂಥದೇ ಒಂದು ವಾಕ್ಯವಿದೆ. ಬಂಗಾಳಿ ಕಲಿತು 1885ರಲ್ಲಿ ಬಂಕಿಮರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರಾಗಲಿ, ಹೆಚ್ಚಿನ ಶಾಲಾ ಓದಿಲ್ಲದೆಯೂ ನೂರಾರು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರಾಗಲಿ, ‘ಕನ್ನಡಕ್ಕೆ ಓದುಗರನ್ನು ಸೃಷ್ಟಿಸಿದರು’ ಎಂದು ಹೊಗಳಿ ನಾವು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಆ ಓದುಗರು ಆ ಪುಸ್ತಕಗಳಲ್ಲಿ ಏನು ಹುಡುಕಿದರು, ಏನು ಕಂಡರು ಎಂದು ಕೇಳುವುದಿಲ್ಲ. ಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಓದುವ ಕ್ರಮ ಕೇಳಿದರೆ ನನ್ನ ಸಲಹೆ ಇಷ್ಟು. ‘ಸುಲ್ತಾನಾಸ್ ಡ್ರೀಮ್’ ಒಂದೇ ಕೂತದಲ್ಲಿ ಮುಗಿಯುತ್ತದೆ, ಮೊದಲು ಅದನ್ನು ಓದಿ. ಆಮೇಲೆ ಬೋಸರ ಕತೆ, ಅದರ ಇಂಗ್ಲಿಷ್ ಅನುವಾದ ಸಿಗುತ್ತದೆ. ಬಂಗಾಳಿ ಬಲ್ಲವರು ದರೋಗನ ಕಡತವನ್ನು ತೆರೆಯಬಹುದು. ‘ಚಂದ್ರಕಾಂತಾ’ವನ್ನು ರಜೆಗೆ ಇಟ್ಟುಕೊಳ್ಳಿ. ಶಾಲೆಯಲ್ಲಿ ಕಲಿತ ಹಿಂದಿ ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ. ಹಿಂದಿ ಅಕ್ಷರವೇ ಬಾರದವರಿಗೆ ಅದನ್ನು ಕಲಿಸಿದ ಪುಸ್ತಕ ಅದು.